ಒಂದು ಗುಬ್ಬಚ್ಚಿಯೂ ಎತ್ತಂಗಡಿಯಾಗದಂತೆ: ಜೇನ್ ಜೇಕಬ್ಸ್ ಬರಹದಲ್ಲಿ ವಸತಿಯ ಪ್ರಶ್ನೆ

1963ರಲ್ಲಿ ನ್ಯೂಯಾರ್ಕಿನ ವೆಸ್ಟ್ ವಿಲೇಜ್ ಎಂಬ ಹಳೆಯ ಬಡಾವಣೆಯ ನಿವಾಸಿಗಳು ತಮ್ಮ ಬೀದಿಗಳ ನಡುವಿನ ಖಾಲಿ ಜಾಗಗಳಲ್ಲಿ ಹೊಸ ಮನೆಗಳನ್ನು ಕಟ್ಟುವ ಯೋಜನೆಯೊಂದನ್ನು ತಾವೇ ಸಿದ್ಧಪಡಿಸಿ ನಗರಾಡಳಿತದ ಮುಂದಿಟ್ಟರು. ಒಬ್ಬ ಮನುಷ್ಯನಿರಲಿ, ಒಂದು ಗುಬ್ಬಚ್ಚಿಯೂ ಇಲ್ಲಿಂದ ಎತ್ತಂಗಡಿಯಾಗಬಾರದು ಎಂಬುದು ಅವರ ಘೋಷವಾಕ್ಯವಾಗಿತ್ತು. ಊರನ್ನು ‘ಅಭಿವೃದ್ಧಿ’ ಮಾಡುವುದೆಂದರೆ ಮೊದಲು ಅಲ್ಲಿರುವವರನ್ನು ಎಬ್ಬಿಸುವುದು ಎಂದೇ ಎಲ್ಲರೂ ಒಪ್ಪಿಕೊಂಡಿದ್ದ ಕಾಲದಲ್ಲಿ ಇಂಥ ಮಾತನ್ನು ಯೋಜನೆಯ ತಲೆಬರಹವಾಗಿ ಇಡುವುದಕ್ಕೆ ಧೈರ್ಯ ಬೇಕಿತ್ತು. ಆ ನಿವಾಸಿಗಳ ಸಮಿತಿಯ ಮುಂದಾಳು ಜೇನ್ ಜೇಕಬ್ಸ್. ಅದಕ್ಕೆ ಎರಡು ವರ್ಷ ಮೊದಲು, 1961ರಲ್ಲಿ, ಅವರ ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಪ್ರಕಟವಾಗಿತ್ತು.

ನಮ್ಮಲ್ಲಿ ನಗರ ಯೋಜನೆಯ ಮಾತು ಬಂದಾಗಲೆಲ್ಲ ಜೇಕಬ್ಸ್ ಹೆಸರು ಬಂದೇ ಬರುತ್ತದೆ. ಬೀದಿಯ ಮೇಲೆ ಸದಾ ಕಣ್ಣುಗಳಿರಬೇಕು ಎಂಬ ಅವರ ಮಾತನ್ನು ವಿಚಾರಸಂಕಿರಣಗಳಲ್ಲಿ, ಪತ್ರಿಕೆಯ ಅಂಕಣಗಳಲ್ಲಿ, ಕೊನೆಗೆ ಬಿಲ್ಡರುಗಳ ಜಾಹೀರಾತುಗಳಲ್ಲಿಯೂ ಎತ್ತಿ ಹೇಳುತ್ತಾರೆ. ಹಾಗೆ ಹೇಳಿ ಹೇಳಿ ಅವರನ್ನು ಅಗಲವಾದ ಫುಟ್‌ಪಾತ್, ಮರದ ನೆರಳು, ಚೆಂದದ ಕಾಫಿ ಅಂಗಡಿ ಇವಿಷ್ಟರ ಪಕ್ಷಪಾತಿಯನ್ನಾಗಿ ಮಾಡಿಬಿಟ್ಟಿದ್ದೇವೆ. ನನ್ನ ಓದಿನಲ್ಲಿ ಆ ಪುಸ್ತಕದ ಬೆನ್ನೆಲುಬು ಬೇರೆಯೇ ಆಗಿದೆ. ಜನರನ್ನು ಒಕ್ಕಲೆಬ್ಬಿಸದೆ ಒಂದು ಊರು ಉತ್ತಮಗೊಳ್ಳುವುದು ಹೇಗೆ, ಉತ್ತಮಗೊಂಡ ಮೇಲೂ ಅದೇ ಜನ ಅಲ್ಲಿಯೇ ಉಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಅದು ಕೊನೆಯ ಪುಟದವರೆಗೂ ಬಿಡುವುದಿಲ್ಲ. ಬೀದಿ, ಉದ್ಯಾನ, ಅಂಗಡಿ ಎಲ್ಲವೂ ಆ ಪ್ರಶ್ನೆಯ ಸುತ್ತ ಬರುತ್ತವೆ. ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಾಲದು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಜೇಕಬ್ಸ್ ಹುಟ್ಟಿದ್ದು 1916ರಲ್ಲಿ, ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಎಂಬ ಗಣಿಗಾರಿಕೆಯ ಊರಿನಲ್ಲಿ. ಹದಿಹರೆಯ ಮುಗಿಯುವ ಮೊದಲೇ ನ್ಯೂಯಾರ್ಕಿಗೆ ಬಂದು, ಸ್ಟೆನೋಗ್ರಾಫರ್ ಆಗಿ ದುಡಿಯುತ್ತ, ತುಪ್ಪಳದ ವ್ಯಾಪಾರ, ಚರ್ಮದ ವ್ಯಾಪಾರ, ಹೂವಿನ ಮಾರುಕಟ್ಟೆ ನಡೆಯುವ ಬೀದಿಗಳ ಬಗ್ಗೆ ನಿಯತಕಾಲಿಕಗಳಿಗೆ ಲೇಖನ ಬರೆದರು. ವಾಸ್ತುಶಿಲ್ಪವನ್ನಾಗಲೀ ನಗರ ಯೋಜನೆಯನ್ನಾಗಲೀ ಅವರು ಓದಿರಲಿಲ್ಲ, ಪದವಿಯೂ ಇರಲಿಲ್ಲ. 1952ರಲ್ಲಿ ‘ಆರ್ಕಿಟೆಕ್ಚರಲ್ ಫೋರಮ್’ ಪತ್ರಿಕೆಗೆ ಸೇರಿದ ಮೇಲೆ ಆ ಕಾಲದ ದೊಡ್ಡ ದೊಡ್ಡ ಮರುನಿರ್ಮಾಣ ಯೋಜನೆಗಳನ್ನು ನೋಡಿ ವರದಿ ಮಾಡುವುದು ಅವರ ಕೆಲಸವಾಯಿತು. ಮೊದಮೊದಲು ಅವರೂ ಆ ಯೋಜನೆಗಳನ್ನು ನಂಬಿದ್ದರು.

ಆ ಯೋಜನೆಗಳ ಹಿಂದಿದ್ದ ಯಂತ್ರ ಅರ್ಥವಾಗದಿದ್ದರೆ ಅವರ ಸಿಟ್ಟೂ ಅರ್ಥವಾಗುವುದಿಲ್ಲ. ಅಮೆರಿಕದ 1949ರ ವಸತಿ ಕಾಯ್ದೆಯ ಪ್ರಕಾರ ನಗರಾಡಳಿತವು ಒಂದು ಪ್ರದೇಶವನ್ನು ಕೊಳೆಗೇರಿ ಅಥವಾ ಜೀರ್ಣಗೊಂಡ ಪ್ರದೇಶವೆಂದು ಘೋಷಿಸಿ, ಅಲ್ಲಿನ ಆಸ್ತಿಗಳನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡು, ಕಟ್ಟಡಗಳನ್ನೆಲ್ಲ ಕೆಡವಿ, ಖಾಲಿಯಾದ ನೆಲವನ್ನು ಖಾಸಗಿ ನಿರ್ಮಾಣಗಾರರಿಗೆ ಕಡಿಮೆ ಬೆಲೆಗೆ ಕೊಡಬಹುದಿತ್ತು. ಈ ವ್ಯವಹಾರದಲ್ಲಿ ಆದ ನಷ್ಟದ ಮೂರನೆಯ ಎರಡು ಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತಿತ್ತು. ನ್ಯೂಯಾರ್ಕಿನಲ್ಲಿ ಈ ಕಾಯ್ದೆಯನ್ನು ಎಲ್ಲರಿಗಿಂತ ಸಮರ್ಥವಾಗಿ ಬಳಸಿದವರು ರಾಬರ್ಟ್ ಮೋಸೆಸ್. ಚುನಾವಣೆಯಲ್ಲಿ ಗೆದ್ದು ಅಧಿಕಾರಕ್ಕೆ ಬಂದವರಲ್ಲದಿದ್ದರೂ ದಶಕಗಳ ಕಾಲ ಸೇತುವೆ, ಹೆದ್ದಾರಿ, ಉದ್ಯಾನ, ವಸತಿ ಎಲ್ಲವೂ ಅವರ ಕೈಯಲ್ಲಿದ್ದವು. ಈ ಯೋಜನೆಗಳಲ್ಲಿ ಮನೆ ಕಳೆದುಕೊಂಡವರಲ್ಲಿ ಕಪ್ಪು ಜನರ ಪಾಲು ಎಷ್ಟು ದೊಡ್ಡದಾಗಿತ್ತೆಂದರೆ, ಲೇಖಕ ಜೇಮ್ಸ್ ಬಾಲ್ಡ್ವಿನ್ 1963ರ ಸಂದರ್ಶನವೊಂದರಲ್ಲಿ, ನಗರದ ನವೀಕರಣವೆಂದರೆ ಕರಿಯರನ್ನು ತೆಗೆದುಹಾಕುವುದು ಎಂದು ನೇರವಾಗಿ ಹೇಳಿದರು.

ಜೇಕಬ್ಸ್ ಅವರ ಕಣ್ಣು ತೆರೆಸಿದ ಎರಡು ಊರುಗಳಲ್ಲಿ ಒಂದು ಫಿಲಡೆಲ್ಫಿಯಾ. ಅಲ್ಲಿನ ಯೋಜನಾ ಮುಖ್ಯಸ್ಥ ಎಡ್ಮಂಡ್ ಬೇಕನ್, ಜೇಕಬ್ಸ್ ಅವರನ್ನು ಮೊದಲು ಇನ್ನೂ ಕೆಡವದೆ ಉಳಿದಿದ್ದ ಬೀದಿಗೂ ಬಳಿಕ ಹೊಸದಾಗಿ ಕಟ್ಟಿದ ಬೀದಿಗೂ ಕರೆದೊಯ್ದರು. ಮೊದಲನೆಯದರಲ್ಲಿ ಜನ ಮೆಟ್ಟಿಲುಗಳ ಮೇಲೆ ಕುಳಿತಿದ್ದರು, ಕಿಟಕಿಗಳಿಂದ ಬಾಗಿ ಮಾತಾಡುತ್ತಿದ್ದರು. ಎರಡನೆಯದರಲ್ಲಿ ಟೈರೊಂದನ್ನು ಒದೆಯುತ್ತ ಹೊತ್ತು ಕಳೆಯುತ್ತಿದ್ದ ಒಬ್ಬ ಹುಡುಗನನ್ನು ಬಿಟ್ಟರೆ ಯಾರೂ ಇರಲಿಲ್ಲ. ಜನರೆಲ್ಲ ಎಲ್ಲಿ ಎಂದು ಜೇಕಬ್ಸ್ ಕೇಳಿದಾಗ ಬೇಕನ್ ಆ ಪ್ರಶ್ನೆಯಲ್ಲಿ ಆಸಕ್ತಿಯನ್ನೇ ತೋರಿಸಲಿಲ್ಲವೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ.

ಇನ್ನೊಂದು ನ್ಯೂಯಾರ್ಕಿನಲ್ಲಿಯೇ ಇದ್ದ ಈಸ್ಟ್ ಹಾರ್ಲೆಮ್. ಅಲ್ಲಿನ ಸಮುದಾಯ ಕೇಂದ್ರವನ್ನು ನಡೆಸುತ್ತಿದ್ದ ವಿಲಿಯಂ ಕರ್ಕ್ ಎಂಬ ಪಾದ್ರಿ, ಜೇಕಬ್ಸ್ ಅವರನ್ನು ಓಣಿ ಓಣಿ ಸುತ್ತಿಸಿ, ಮೇಲ್ನೋಟಕ್ಕೆ ಗೊಂದಲದಂತೆ ಕಾಣುವ ಬದುಕಿನಲ್ಲಿ ಯಾರು ಯಾರನ್ನು ಆತುಕೊಂಡಿದ್ದಾರೆ ಎಂಬುದನ್ನು ತೋರಿಸಿದರು. ಪುಸ್ತಕದ ಪೀಠಿಕೆಯಲ್ಲಿ ಬರುವ ಈಸ್ಟ್ ಹಾರ್ಲೆಮಿನ ಒಂದು ಪ್ರಸಂಗವನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಕಲಕುತ್ತದೆ. ಹೊಸ ವಸತಿ ಸಮುಚ್ಚಯವೊಂದರ ನಡುವೆ ಆಯತಾಕಾರದ ಹುಲ್ಲುಹಾಸೊಂದಿತ್ತು. ಅಲ್ಲಿನ ಬಾಡಿಗೆದಾರರು ಅದನ್ನು ಕಂಡರೆ ಉರಿದುಬೀಳುತ್ತಿದ್ದರು, ತೆಗೆಸಿಹಾಕಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಹುಲ್ಲಿನ ಮೇಲೆ ಇಷ್ಟು ದ್ವೇಷವೇಕೆ ಎಂದು ಅಲ್ಲಿ ಕೆಲಸ ಮಾಡುತ್ತಿದ್ದ ಸಮಾಜ ಕಾರ್ಯಕರ್ತೆಗೆ ತಿಳಿಯಲಿಲ್ಲ. ಕೊನೆಗೊಬ್ಬ ಬಾಡಿಗೆದಾರಳು ಬಿಡಿಸಿ ಹೇಳಿದಳು. ಇದನ್ನು ಕಟ್ಟುವಾಗ ನಮ್ಮನ್ನು ಯಾರೂ ಕೇಳಲಿಲ್ಲ, ನಮ್ಮ ಮನೆಗಳನ್ನು ಕೆಡವಿ ನಮ್ಮನ್ನು ಇಲ್ಲಿಗೂ ನಮ್ಮ ಸ್ನೇಹಿತರನ್ನು ಇನ್ನೆಲ್ಲಿಗೋ ತಳ್ಳಿದರು, ಒಂದು ಕಪ್ ಕಾಫಿಗೆ, ಒಂದು ಪತ್ರಿಕೆಗೆ, ನಾಲ್ಕು ಕಾಸು ಕೈಸಾಲಕ್ಕೆ ಇಲ್ಲಿ ಒಂದು ಜಾಗವಿಲ್ಲ, ಆದರೆ ದೊಡ್ಡವರು ಬಂದು ಈ ಹುಲ್ಲನ್ನು ನೋಡಿ ಬಡವರಿಗೆ ಈಗ ಎಲ್ಲವೂ ಸಿಕ್ಕಿತು ಎಂದು ಸಂತೋಷಪಡುತ್ತಾರೆ ಎಂಬುದು ಅವಳ ಮಾತಿನ ಸಾರ. ಅಂಗಡಿಯಲ್ಲಿ ಸಿಗುವ ಕೈಸಾಲವೂ ಮನೆಯ ಒಂದು ಭಾಗ ಎಂಬುದು ಯಾವ ನೀಲನಕ್ಷೆಯಲ್ಲಿಯೂ ಬರೆದಿರುವುದಿಲ್ಲ. ಮನೆಗೆ ಬದಲಾಗಿ ಮನೆ ಕೊಟ್ಟೆವಲ್ಲ ಎನ್ನುವ ಅಧಿಕಾರಿಗಳ ಮಾತಿಗೆ ಈ ಒಂದು ಪ್ಯಾರಾ ಸಾಕಷ್ಟು ಉತ್ತರವಾಗಿದೆ.

ಬೀದಿಯ ಬಗ್ಗೆ ಅವರು ಬರೆದ ಪುಟಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಜೇಕಬ್ಸ್ ಕುಟುಂಬ ವಾಸವಾಗಿದ್ದ 555, ಹಡ್ಸನ್ ಸ್ಟ್ರೀಟ್ ಎಂಬ ಮನೆಯ ಕೆಳಗಂತಸ್ತಿನಲ್ಲಿ ಹಿಂದೆ ಮಿಠಾಯಿ ಅಂಗಡಿಯಿತ್ತು. ಆ ಬೀದಿಯಲ್ಲಿ ಒಂದು ದಿನ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಒಬ್ಬ ಮನುಷ್ಯ ತನ್ನೊಡನೆ ಬರುವಂತೆ ಪುಸಲಾಯಿಸುತ್ತಿದ್ದ, ಅವಳು ಗೋಡೆಗೊತ್ತಿ ಬಿಗಿಯಾಗಿ ನಿಂತಿದ್ದಳು. ತಾನು ಇಳಿದು ಹೋಗಬೇಕೇ ಎಂದು ಜೇಕಬ್ಸ್ ಕಿಟಕಿಯಿಂದ ನೋಡುತ್ತ ಯೋಚಿಸುವಷ್ಟರಲ್ಲಿ, ಮಾಂಸದಂಗಡಿಯ ಹೆಂಗಸು ಹೊರಗೆ ಬಂದು ಕೈಕಟ್ಟಿ ನಿಂತಳು, ಎದುರಿನ ಅಂಗಡಿಯವನು ಬಾಗಿಲಿಗೆ ಬಂದ, ಬೀಗ ರಿಪೇರಿಯವನು, ಹಣ್ಣಿನವನು, ಲಾಂಡ್ರಿಯವನು ಒಬ್ಬೊಬ್ಬರಾಗಿ ಹೊರಬಂದರು. ಆತ ಹುಡುಗಿಯ ತಂದೆಯೇ ಎಂದು ಬಳಿಕ ತಿಳಿಯಿತು. ಆದರೆ ಆತನಿಗೆ ಗೊತ್ತಿಲ್ಲದೆಯೇ ಅವನ ಸುತ್ತ ಒಂದು ಕಾವಲು ಕಟ್ಟಿಕೊಂಡಿತ್ತು. ಅದೇ ಬೀದಿಯ ತಿಂಡಿ ಅಂಗಡಿಯವನ ಮೇಜಿನ ಖಾನೆಯಲ್ಲಿ ಯಾವಾಗಲೂ ಹತ್ತಾರು ಮನೆಗಳ ಬೀಗದ ಕೈಗಳಿರುತ್ತಿದ್ದವು. ಊರಿಗೆ ಬರುವ ನೆಂಟರಿಗೆ ಕೊಡಿ ಎಂದು ಜನ ಕೀ ಕೊಟ್ಟು ಹೋಗುತ್ತಿದ್ದರು. ಅವನನ್ನು ಅಷ್ಟು ನಂಬಿದ ಜನ ಅವನನ್ನು ಮನೆಗೆ ಊಟಕ್ಕೆ ಕರೆಯಬೇಕಾದ ಅಗತ್ಯವಿರಲಿಲ್ಲ, ಅವನೂ ಬಂದುಹೋಗುವವರು ಯಾರೆಂದು ಕೇಳುತ್ತಿರಲಿಲ್ಲ. ಖಾಸಗಿತನವನ್ನು ಬಿಟ್ಟುಕೊಡದೆಯೇ ಪರಸ್ಪರ ನಂಬಿಕೆ ಬೆಳೆಯುವುದಕ್ಕೆ ಬೀದಿಯೇ ಜಾಗ ಎಂದು ಜೇಕಬ್ಸ್ ವಾದಿಸಿದ್ದು ಇಂಥ ವಿವರಗಳಿಂದ.

ಬೆಂಗಳೂರಿನಲ್ಲಿ ನಮ್ಮ ಮನೆಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ, ಇಸ್ತ್ರಿ ಗಾಡಿಯಿದೆ. ಗಾಡಿಯ ಕೆಳಗಿನ ಅರೆಯಲ್ಲಿ ಇದ್ದಿಲಿನ ಚೀಲ, ಅದರ ಪಕ್ಕದ ಬಿಸ್ಕತ್ತಿನ ಡಬ್ಬಿಯಲ್ಲಿ ಮೂರ್ನಾಲ್ಕು ಮನೆಗಳ ಕೀಗಳು. ಶಾಲೆಯಿಂದ ಬೇಗ ಬಂದ ಮಕ್ಕಳು ಅಲ್ಲಿಗೆ ಬಂದು ‘ಅಂಕಲ್, ಕೀ’ ಎಂದು ಕೈಚಾಚುತ್ತಾರೆ. ರಸ್ತೆ ಅಗಲೀಕರಣದ ನಕ್ಷೆಯಲ್ಲಿ ಆ ಗಾಡಿ ಒಂದು ಒತ್ತುವರಿ ಮಾತ್ರ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮಾಡದೆ ಯಾವ ವ್ಯಾಪಾರಿಯನ್ನೂ ಎಬ್ಬಿಸಬಾರದು ಎನ್ನುತ್ತದೆಯಾದರೂ, ಬೀದಿಯಲ್ಲಿ ನಿಂತು ದುಡಿಯುವವರು ಬೆಳಿಗ್ಗೆ ಎದ್ದರೆ ಆ ಭಯದಲ್ಲಿಯೇ ಗಾಡಿ ನೂಕುತ್ತಾರೆ. ಉದ್ಯಾನಗಳ ಕಥೆಯೂ ಇಂಥದ್ದೇ. ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕಾರಣಕ್ಕೆ ಜನ ಬರುವ ಉದ್ಯಾನ ಮಾತ್ರ ಜೀವಂತವಾಗಿರುತ್ತದೆ ಎಂದು ಜೇಕಬ್ಸ್ ಫಿಲಡೆಲ್ಫಿಯಾದ ನಾಲ್ಕು ಚೌಕಗಳನ್ನು ಹೋಲಿಸಿ ತೋರಿಸಿದ್ದರು. ಗಾತ್ರದಲ್ಲಿ ಒಂದೇ ಬಗೆಯವಾಗಿದ್ದರೂ ಸುತ್ತ ಮನೆ, ಅಂಗಡಿ, ಕಚೇರಿ ಎಲ್ಲವೂ ಇದ್ದ ರಿಟನ್‌ಹೌಸ್ ಚೌಕ ಮಾತ್ರ ದಿನವಿಡೀ ತುಂಬಿರುತ್ತಿತ್ತು. ನಮ್ಮ ಪಾಲಿಕೆಯ ಉದ್ಯಾನಗಳು ಬಹುಕಾಲ ನಡುಹಗಲಿನಲ್ಲಿ ಬೀಗ ಹಾಕಿಕೊಂಡಿರುತ್ತಿದ್ದವು. 2024ರಲ್ಲಿ ಸಮಯವನ್ನು ವಿಸ್ತರಿಸುವವರೆಗೂ, ವಾಕಿಂಗಿಗೆ ಬರುವವರ ಅನುಕೂಲಕ್ಕೆ ಬೆಳಿಗ್ಗೆ ಸಂಜೆ ತೆರೆದ ಗೇಟು, ಬಿಸಿಲಿನಲ್ಲಿ ಊಟದ ಡಬ್ಬಿ ಬಿಚ್ಚಲು ನೆರಳು ಹುಡುಕುವ ಕೂಲಿಯವರಿಗೆ ಮುಚ್ಚಿರುತ್ತಿತ್ತು. ಸಾರ್ವಜನಿಕ ಜಾಗದಲ್ಲಿ ಸಾರ್ವಜನಿಕರೆಂದರೆ ಯಾರು ಎಂಬುದನ್ನು ಹೀಗೆ ಗೇಟಿನ ವೇಳಾಪಟ್ಟಿಯೂ ನಿರ್ಧರಿಸಿಬಿಡುತ್ತದೆ.

ಪುಸ್ತಕದಲ್ಲಿ ಹಣದ ಬಗ್ಗೆ ಇರುವ ಅಧ್ಯಾಯಗಳನ್ನು ಉಲ್ಲೇಖಿಸುವವರು ಕಡಿಮೆ. ನನಗೆ ಅವೇ ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಬಾಸ್ಟನ್ನಿನ ನಾರ್ತ್ ಎಂಡ್ ಎಂಬ ಇಟಾಲಿಯನ್ ವಲಸಿಗರ ಬಡಾವಣೆಯನ್ನು ಯೋಜಕರು ಆ ಊರಿನ ಅತಿ ಕೆಟ್ಟ ಕೊಳೆಗೇರಿಯೆಂದು ಪರಿಗಣಿಸಿದ್ದರು. ಜೇಕಬ್ಸ್ ಅಲ್ಲಿಗೆ ಹೋದಾಗ ಕಂಡದ್ದು ಹೊಸದಾಗಿ ಬಣ್ಣ ಬಳಿದ, ರಿಪೇರಿ ಮಾಡಿದ ಮನೆಗಳು, ಮಕ್ಕಳು ಆಡುತ್ತಿದ್ದ ಬೀದಿಗಳು. ಅಲ್ಲಿಂದಲೇ ತಮಗೆ ಪರಿಚಯವಿದ್ದ ಬಾಸ್ಟನ್ನಿನ ಯೋಜಕರೊಬ್ಬರಿಗೆ ಫೋನ್ ಮಾಡಿದರು. ಅದು ಕೊಳೆಗೇರಿಯಲ್ಲವೇ ಎಂದ ಅವರೇ, ಅಲ್ಲಿನ ಸಾವಿನ ಪ್ರಮಾಣ ಸಾವಿರಕ್ಕೆ 8.8, ಇಡೀ ನಗರದ್ದು 11.2 ಎಂಬ ಅಂಕಿಗಳನ್ನೂ ಓದಿ ಹೇಳಿದರು. ಬಾಲಾಪರಾಧ, ರೋಗ, ಶಿಶುಮರಣ ಎಲ್ಲವೂ ನಗರದಲ್ಲಿಯೇ ಅತಿ ಕಡಿಮೆ ಇದ್ದ ಸಾಲಿನಲ್ಲಿದ್ದವು. ತಮಗೂ ಆಗಾಗ ಅಲ್ಲಿ ಅಡ್ಡಾಡಲು ಇಷ್ಟವೆಂದು ಒಪ್ಪಿಕೊಂಡ ಆ ಯೋಜಕರು, ಆದರೂ ಒಂದು ದಿನ ಅದನ್ನು ಹೊಸದಾಗಿ ಕಟ್ಟಲೇಬೇಕು ಎಂದರಂತೆ. ಕಣ್ಣ ಮುಂದೆ ಅಂಕಿಯಿದ್ದೂ, ಕಾಲಿಗೆ ಆ ಬೀದಿಯ ಸುಖ ಗೊತ್ತಿದ್ದೂ, ಕಲಿತ ಸಿದ್ಧಾಂತವನ್ನು ಬಿಡಲಾರದ ತಜ್ಞರ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿಯೂ ಸಿಗದು.

ಹಾಗಾದರೆ ಆ ಮನೆಗಳ ರಿಪೇರಿಗೆ ಹಣ ಎಲ್ಲಿಂದ ಬಂತು? ಕೊಳೆಗೇರಿಯೆಂಬ ಹಣೆಪಟ್ಟಿಯಿದ್ದುದರಿಂದ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಜನ ತಮ್ಮ ದುಡಿಮೆಯ ಉಳಿತಾಯದಿಂದ, ತಮ್ಮಲ್ಲಿಯೇ ಇದ್ದ ಗಾರೆಯವರು, ಬಡಗಿಗಳು, ಕೊಳಾಯಿ ಕೆಲಸದವರ ಕೈಕೆಲಸದ ವಿನಿಮಯದಿಂದ ಅದನ್ನು ಸಾಧಿಸಿದ್ದರು. ಒಂದು ಪ್ರದೇಶಕ್ಕೆ ಸಾಲ ನಿಲ್ಲಿಸಿ ಅದನ್ನು ಸೊರಗಿಸುವುದು, ಸೊರಗಿದ ಮೇಲೆ ಕೊಳೆಗೇರಿ ಎಂದು ಕರೆದು ಒಮ್ಮೆಲೇ ಕೋಟಿಗಟ್ಟಲೆ ಹಣ ಸುರಿದು ನೆಲಸಮ ಮಾಡುವುದು, ಈ ಎರಡೂ ಒಂದೇ ನೀತಿಯ ಎರಡು ಹಂತಗಳು ಎಂದು ಜೇಕಬ್ಸ್ ತೋರಿಸಿದರು. ನಗರಕ್ಕೆ ಬೇಕಾದದ್ದು ಪ್ರವಾಹದಂತೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುವ ಹಣವಲ್ಲ, ನಿಧಾನವಾಗಿ, ಸಣ್ಣ ಸಣ್ಣ ಮೊತ್ತಗಳಲ್ಲಿ, ಸದಾ ದೊರೆಯುವ ಹಣ ಎಂಬುದು ಅವರ ನಿಲುವು. ಬಿ ಖಾತಾ, ಅಂದರೆ ಪೂರ್ಣ ಮಾನ್ಯತೆಯಿಲ್ಲದ ದಾಖಲೆಯ ಮನೆ ಇರುವ ಯಾವ ಬೆಂಗಳೂರಿಗನಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಭಿವೃದ್ಧಿ ಪ್ರಾಧಿಕಾರದಿಂದ ನಿವೇಶನ ಸಿಗದೆ, ಕೃಷಿ ಭೂಮಿಯಲ್ಲಿ ಅನುಮೋದನೆಯಿಲ್ಲದೆ ವಿಂಗಡಿಸಿದ ರೆವಿನ್ಯೂ ಸೈಟು ಕೊಂಡು, ಒಂದೊಂದೇ ಕೋಣೆ ಎಬ್ಬಿಸಿಕೊಂಡವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಗೃಹಸಾಲ ಕೊಡುವುದಿಲ್ಲ, ಹೆಚ್ಚಿನ ಬಡ್ಡಿಯ ಕೈಸಾಲವೇ ಗತಿ. ಈ ನಗರದ ಎಷ್ಟೋ ಮನೆಗಳು ನಿಂತಿರುವುದು ಚೀಟಿ ಹಣದ ಮೇಲೆ, ಅಡವಿಟ್ಟ ಬಂಗಾರದ ಮೇಲೆ.

ಬರಹಕ್ಕೂ ಹೋರಾಟಕ್ಕೂ ಅವರ ಬದುಕಿನಲ್ಲಿ ಅಂತರವಿರಲಿಲ್ಲ. ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ನಡುವೆ ರಸ್ತೆ ತೆಗೆಯುವ ಯೋಜನೆಯ ವಿರುದ್ಧ 1952ರಲ್ಲಿ ಶರ್ಲಿ ಹೇಯ್ಸ್ ಎಂಬವರು ಹೋರಾಟ ಕಟ್ಟಿದ್ದರು. ಜೇಕಬ್ಸ್ ಅದಕ್ಕೆ ಸೇರಿದರು. ಇದನ್ನು ವಿರೋಧಿಸುವವರು ಯಾರೂ ಇಲ್ಲ, ಒಂದು ಗುಂಪು ತಾಯಂದಿರನ್ನು ಬಿಟ್ಟು, ಎಂದು ಮೋಸೆಸ್ ಸಿಡಿದದ್ದನ್ನು ಅವರು ನೆನೆದಿದ್ದಾರೆ. ಆ ತಾಯಂದಿರೇ ಗೆದ್ದರು. ಪುಸ್ತಕದ ಹಸ್ತಪ್ರತಿಯನ್ನು ಒಪ್ಪಿಸಿದ ಕೆಲವೇ ವಾರಗಳಲ್ಲಿ, 1961ರ ಫೆಬ್ರವರಿಯಲ್ಲಿ, ತಮ್ಮದೇ ಬೀದಿಯೂ ಸೇರಿದಂತೆ ವೆಸ್ಟ್ ವಿಲೇಜಿನ 14 ಬ್ಲಾಕುಗಳನ್ನು ನವೀಕರಣಕ್ಕೆ ಗುರುತಿಸಲಾಗಿದೆ ಎಂಬ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ಓದಿದರು. ನಿವಾಸಿಗಳು ತಾವೇ ಮನೆಮನೆಗೂ ಹೋಗಿ ಕಟ್ಟಡಗಳ ಸ್ಥಿತಿಯನ್ನು ದಾಖಲಿಸಿ, ಇಲ್ಲಿ ಜೀರ್ಣಗೊಂಡದ್ದು ಏನೂ ಇಲ್ಲವೆಂದು ಸಾಬೀತು ಮಾಡಿದ ಮೇಲೆ 1962ರ ಆರಂಭದಲ್ಲಿ ಆಡಳಿತ ಹಿಂದೆ ಸರಿಯಿತು. ಬಳಿಕ ಲೋವರ್ ಮ್ಯಾನ್‌ಹಟನ್ ಎಕ್ಸ್‌ಪ್ರೆಸ್‌ವೇ ಬಂತು. ಬ್ರೂಮ್ ಸ್ಟ್ರೀಟಿನ ಉದ್ದಕ್ಕೂ ಎತ್ತರಿಸಿದ ಹೆದ್ದಾರಿ ಹಾಕಲು ಸುಮಾರು 2,000 ಕುಟುಂಬಗಳನ್ನೂ 800 ವ್ಯಾಪಾರ ಉದ್ಯಮಗಳನ್ನೂ ತೆರವು ಮಾಡಬೇಕಿತ್ತು. 1968ರ ಏಪ್ರಿಲ್‌ನಲ್ಲಿ ಅದರ ಸಾರ್ವಜನಿಕ ವಿಚಾರಣೆಯಲ್ಲಿ ಜೇಕಬ್ಸ್ ಜನರೊಂದಿಗೆ ವೇದಿಕೆ ಹತ್ತಿದರು, ಬಂಧನಕ್ಕೊಳಗಾದರು. ಮರುವರ್ಷ ಆ ಹೆದ್ದಾರಿಯ ಯೋಜನೆ ಸತ್ತಿತು.

ನಮ್ಮಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆಯ ಪ್ರಸ್ತಾವ ಬಂದಾಗ, 812 ಮರಗಳ ಲೆಕ್ಕ ಹಿಡಿದು ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಆ ಗೆಲುವು ನನಗೆ ಇಂದಿಗೂ ಹೆಮ್ಮೆಯದು. ಆದರೆ ಅದರ ಬೆನ್ನಿಗೇ ಒಂದು ಕಹಿ ನೆನಪೂ ಬರುತ್ತದೆ. ಅದಕ್ಕೆ ನಾಲ್ಕು ವರ್ಷ ಹಿಂದೆ ಬೆಂಗಳೂರಿನದೇ ಈಜಿಪುರದಲ್ಲಿ ಬಡವರ ಶೆಡ್ಡುಗಳ ಮೇಲೆ ಬುಲ್ಡೋಜರ್ ಬಂದಾಗ ಅಂಥ ಸರಪಳಿ ಕಟ್ಟಲು ನಾವು ಯಾರೂ ಹೋಗಲಿಲ್ಲ. ಕೆಲವೇ ಸಂಘಟನೆಗಳು, ಕೆಲವು ವಿದ್ಯಾರ್ಥಿಗಳು ಅಲ್ಲಿದ್ದವರ ಜೊತೆ ನಿಂತರು. ಮರ ಮತ್ತು ರಸ್ತೆಯ ಪ್ರಶ್ನೆಗೆ ಒಗ್ಗೂಡುವ ಮಧ್ಯಮವರ್ಗ ವಸತಿಯ ಪ್ರಶ್ನೆಗೆ ಒಗ್ಗೂಡುವುದಿಲ್ಲ. ಜೇಕಬ್ಸ್ ಅವರನ್ನು ಬೀದಿಯ ಲೇಖಕಿಯಾಗಿ ಮಾತ್ರ ಓದುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ನಂಬುತ್ತೇನೆ.

ಅವರ ಮೇಲಿನ ಟೀಕೆಗಳಲ್ಲಿ ಎರಡನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ 1962ರಲ್ಲಿಯೇ ಎತ್ತಿದ ಆಕ್ಷೇಪ. ಬೀದಿಯ ಲವಲವಿಕೆಗೆ ಕಾರಣ ಜೇಕಬ್ಸ್ ಹೇಳುವ ಚಿಕ್ಕ ಬ್ಲಾಕುಗಳೋ ಹಳೆಯ ಕಟ್ಟಡಗಳೋ ಅಲ್ಲ, ಅಲ್ಲಿ ಬದುಕುವ ದುಡಿಯುವ ವರ್ಗದ ಜನರ ಜೀವನಕ್ರಮ ಎಂದು ಅವರು ವಾದಿಸಿದರು. ಇದರಲ್ಲಿ ಸತ್ಯವಿದೆ. ಕಟ್ಟಡಗಳನ್ನು ಹಾಗೆಯೇ ಉಳಿಸಿಕೊಂಡು ಜನರನ್ನು ಬದಲಾಯಿಸಿದರೆ ಏನಾಗುತ್ತದೆ ಎಂಬುದನ್ನು ವೆಸ್ಟ್ ವಿಲೇಜ್ ತಾನೇ ತೋರಿಸಿಕೊಟ್ಟಿತು. ಎರಡನೆಯದು ಜನಾಂಗದ ಪ್ರಶ್ನೆ. ಸಾಲದ ಕಪ್ಪುಪಟ್ಟಿಯ ಬಗ್ಗೆ, ಪ್ರತ್ಯೇಕೀಕರಣದ ಬಗ್ಗೆ ಜೇಕಬ್ಸ್ ಬರೆದಿದ್ದಾರೆ, ಆದರೆ ವರ್ಣಭೇದವು ಅಮೆರಿಕದ ನಗರಗಳ ನಕ್ಷೆಯನ್ನು ಎಷ್ಟು ಆಳವಾಗಿ ಬರೆದಿದೆ ಎಂಬುದಕ್ಕೆ ತಕ್ಕಷ್ಟು ಜಾಗವನ್ನು ತಮ್ಮ ವಾದದಲ್ಲಿ ಕೊಡಲಿಲ್ಲ. ಇಂಡಿಯಾದ ಓದುಗರು ಇದನ್ನು ಇನ್ನಷ್ಟು ಎಚ್ಚರದಿಂದ ಗಮನಿಸಬೇಕು. ಬೀದಿಯ ಕಣ್ಣುಗಳು ಕಾಯುವ ಹಾಗೆಯೇ ಅನುಮಾನದಿಂದಲೂ ನೋಡಬಲ್ಲವು. ಬಾಡಿಗೆಗೆ ಮನೆ ಕೇಳಿ ಹೋದಾಗ ಜಾತಿ ಯಾವುದು, ಮಾಂಸ ತಿನ್ನುತ್ತೀರಾ ಎಂದು ಕೇಳಿಸಿಕೊಂಡವರಿಗೆ ಆ ಕಣ್ಣುಗಳ ಇನ್ನೊಂದು ಮುಖ ಗೊತ್ತು.

555, ಹಡ್ಸನ್ ಸ್ಟ್ರೀಟಿನ ಮನೆಯನ್ನು ಜೇಕಬ್ಸ್ ದಂಪತಿ 1947ರಲ್ಲಿ 7,000 ಡಾಲರಿಗೆ ಕೊಂಡಿದ್ದರು. 2009ರಲ್ಲಿ ಅದು 30 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಬೀಗ ರಿಪೇರಿಯವನೂ ಬಂದರಿನ ಹಮಾಲರೂ ಬಾಡಿಗೆ ಕೊಟ್ಟು ಬದುಕಬಲ್ಲವರಾಗಿದ್ದ ಬೀದಿಯಲ್ಲಿ ಇಂದು ಅವರ ಮೊಮ್ಮಕ್ಕಳು ಕಾಲಿಡಲಾರರು. ಬುಲ್ಡೋಜರಿನಿಂದ ಉಳಿದ ಬಡಾವಣೆಯನ್ನು ಬೆಲೆ ಖಾಲಿ ಮಾಡಿಸಿತು. ಇದು ಜೇಕಬ್ಸ್ ಅವರಿಗೆ ಹೊಳೆದೇ ಇರಲಿಲ್ಲ ಎನ್ನುವವರು ಪುಸ್ತಕದ ಹದಿಮೂರನೆಯ ಅಧ್ಯಾಯವನ್ನು ಓದಿಲ್ಲ. ಯಶಸ್ವಿಯಾದ ಬೀದಿಗೆ ಹೆಚ್ಚು ಹಣ ಕೊಡಬಲ್ಲವರು ನುಗ್ಗಿ, ಆ ಯಶಸ್ಸಿಗೆ ಕಾರಣರಾದವರನ್ನೇ ಹೊರದಬ್ಬುವ ಪ್ರಕ್ರಿಯೆಯನ್ನು ಅವರು ಅಲ್ಲಿ ತಮ್ಮ ನೆರೆಯ ಎಂಟನೆಯ ಬೀದಿಯ ಉದಾಹರಣೆಯಿಂದಲೇ ವಿವರಿಸಿದ್ದಾರೆ.

ಹದಿನೇಳನೆಯ ಅಧ್ಯಾಯದಲ್ಲಿ ಅವರು ಒಂದು ಪರಿಹಾರವನ್ನೂ ಇಡುತ್ತಾರೆ. ಆ ಕಾಲದ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಬಾಡಿಗೆದಾರರ ಆದಾಯ ನಿಗದಿತ ಮಿತಿಯನ್ನು ಮೀರಿದರೆ ಮನೆ ಬಿಡಬೇಕಿತ್ತು. ಅಂದರೆ ಸ್ವಲ್ಪ ಮೇಲೆ ಬಂದವರನ್ನೆಲ್ಲ ಹೊರಹಾಕಿ ಬಡತನವನ್ನು ಒಂದೆಡೆ ಶೇಖರಿಸುವ ವ್ಯವಸ್ಥೆ ಅದು. ಅದಕ್ಕೆ ಬದಲಾಗಿ, ಸಾಮಾನ್ಯ ಬೀದಿಗಳಲ್ಲಿಯೇ ಸಾಮಾನ್ಯ ಕಟ್ಟಡಗಳನ್ನು ಖಾಸಗಿಯವರು ಕಟ್ಟಲಿ, ಸಾಲಕ್ಕೂ ಬಾಡಿಗೆಗೂ ಸರ್ಕಾರ ಖಾತರಿ ನಿಲ್ಲಲಿ, ಬಾಡಿಗೆದಾರರನ್ನು ಅದೇ ಪ್ರದೇಶದವರಿಂದ ಆರಿಸಲಿ, ಅವರ ಆದಾಯಕ್ಕೂ ಬಾಡಿಗೆಗೂ ನಡುವಿನ ಅಂತರವನ್ನು ಸರ್ಕಾರ ತುಂಬಲಿ, ಆದಾಯ ಹೆಚ್ಚಿದಂತೆ ಅವರು ಕೊಡುವ ಪಾಲು ಹೆಚ್ಚಲಿ, ಆದರೆ ಮನೆ ಬಿಡಬೇಕಾದ ಪ್ರಮೇಯವೇ ಬರದಿರಲಿ ಎಂಬುದು ಅವರ ಸಲಹೆ. ಮುಂದೆ ಅದೇ ಮನೆಯನ್ನು ಕೊಳ್ಳುವ ದಾರಿಯನ್ನೂ ಅವರು ತೆರೆದಿಟ್ಟಿದ್ದರು. ಬಡವರಿಗೆಂದೇ ಬೇರೆ ಕಟ್ಟಡ, ಬೇರೆ ಗೇಟು ಬೇಡ ಎನ್ನುವ ಈ ಮಾತು ನನಗೆ ಸಂಪೂರ್ಣ ಒಪ್ಪಿಗೆ. ಆದರೆ ಅದರ ಕೊರತೆ ನೆಲದ ಬೆಲೆಯಲ್ಲಿದೆ. ನಿವೇಶನದ ಬೆಲೆ ಗಗನಕ್ಕೇರುವ ನಗರದಲ್ಲಿ ಸರ್ಕಾರ ತುಂಬಿಕೊಡುವ ಬಾಡಿಗೆಯ ಅಂತರ ಬೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಆ ಸಹಾಯಧನ ಸೇರುವುದು ನೆಲದ ಒಡೆಯನನ್ನು. ನೆಲ ಯಾರದು ಎಂಬುದನ್ನು ಮೊದಲು ಬಗೆಹರಿಸದೆ ಬಾಡಿಗೆಯನ್ನು ಬಗೆಹರಿಸಲಾಗದು.

ಗುಬ್ಬಚ್ಚಿಯ ಘೋಷವಾಕ್ಯದ ಯೋಜನೆಗೂ ಆದದ್ದು ಇದೇ. ಕಿತ್ತುಹಾಕಿದ ಸರಕು ರೈಲಿನ ಮೇಲ್ಸೇತುವೆಯ ಜಾಡಿನಲ್ಲಿ ಬಿದ್ದಿದ್ದ ಖಾಲಿ ಜಾಗಗಳಲ್ಲಿ ಐದಂತಸ್ತಿನ, ಲಿಫ್ಟ್ ಇಲ್ಲದ 42 ಕಟ್ಟಡಗಳು, 420 ಮನೆಗಳು. ಯಾರನ್ನೂ ಎಬ್ಬಿಸುವ ಅಗತ್ಯವೇ ಇರಲಿಲ್ಲ. ಆದರೂ ಆಡಳಿತದ ವಿಳಂಬದಿಂದ ಕೆಲಸ ಮುಗಿಯುವಾಗ 1974 ಆಗಿತ್ತು. ಅಷ್ಟರಲ್ಲಿ ಖರ್ಚು ಏರಿ, ಉಳಿತಾಯಕ್ಕಾಗಿ ವಿನ್ಯಾಸದ ಚೆಲುವನ್ನೆಲ್ಲ ಕತ್ತರಿಸಿದ್ದರು, ಜೇಕಬ್ಸ್ ಕೆನಡಾದ ಟೊರೊಂಟೊಗೆ ಹೋಗಿ ಆರು ವರ್ಷವಾಗಿತ್ತು. ನೋಡಲು ತೀರ ಸಾದಾ ಎನಿಸುವ ಆ ಇಟ್ಟಿಗೆಯ ಕಟ್ಟಡಗಳು ಮೂರು ದಶಕ ಕಾಲ ನಿಯಂತ್ರಿತ ಬಾಡಿಗೆಯಲ್ಲಿ ಸಾಧಾರಣ ವರಮಾನದ ಕುಟುಂಬಗಳನ್ನು ದುಬಾರಿಯಾಗುತ್ತಿದ್ದ ಬಡಾವಣೆಯಲ್ಲಿ ಉಳಿಸಿಕೊಂಡವು. 2006ರಲ್ಲಿ ಅವು ಆ ವ್ಯವಸ್ಥೆಯಿಂದ ಹೊರಬಂದು ನಿವಾಸಿಗಳ ಸಹಕಾರಿ ಸ್ವಾಮ್ಯಕ್ಕೆ ಬದಲಾದವು. ಅಲ್ಲಿದ್ದವರು ಮನೆಯ ಒಡೆಯರಾದರು, ಅವರ ಬಳಿಕ ಬರುವ ಅಂಥದೇ ವರಮಾನದವರಿಗೆ ಆ ಬಾಗಿಲು ಉಳಿಯಲಿಲ್ಲ.

ಟೊರೊಂಟೊದಲ್ಲಿ ಮಾತ್ರ ನೆಲದ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. ಅಲ್ಲಿ ಜೇಕಬ್ಸ್ ಸ್ಪಡೈನಾ ಎಕ್ಸ್‌ಪ್ರೆಸ್‌ವೇ ವಿರುದ್ಧದ ಹೋರಾಟದಲ್ಲಿ ಭಾಗಿಯಾದರು, 1971ರಲ್ಲಿ ಅದು ರದ್ದಾಯಿತು. ಬಳಿಕ ಮೇಯರ್ ಡೇವಿಡ್ ಕ್ರಾಂಬಿ ಅವರ ಅವಧಿಯಲ್ಲಿ ನಗರಾಡಳಿತವು ಸರೋವರದ ಸಮೀಪದ ಹಳೆಯ ಕೈಗಾರಿಕಾ ಪ್ರದೇಶದಲ್ಲಿ ಸುಮಾರು 44 ಎಕರೆ ನೆಲದ ಮೇಲೆ ಸೇಂಟ್ ಲಾರೆನ್ಸ್ ಬಡಾವಣೆಯನ್ನು ರೂಪಿಸಿತು. ಅದರ ಯೋಜನೆಯ ಹೊಣೆ ಹೊತ್ತ ಅಲನ್ ಲಿಟಲ್‌ವುಡ್ ಅವರ ಹೆಸರನ್ನು ಸೂಚಿಸಿದವರು ಜೇಕಬ್ಸ್. ನೆಲವನ್ನು ಮೊದಲು ನಗರ ತಾನೇ ಕೊಂಡಿತು. ಹಳೆಯ ಊರಿನ ಬೀದಿಗಳನ್ನೇ ಮುಂದುವರಿಸಿ, ಸಹಕಾರಿ ಮನೆಗಳು, ಲಾಭರಹಿತ ಬಾಡಿಗೆ ಮನೆಗಳು, ಮಾರಾಟದ ಮನೆಗಳು, ಶಾಲೆ, ಅಂಗಡಿ ಎಲ್ಲವನ್ನೂ ಅಕ್ಕಪಕ್ಕದಲ್ಲಿ ಕಟ್ಟಲಾಯಿತು. ಯಾವುದು ಬಡವರ ಕಟ್ಟಡ, ಯಾವುದು ಉಳ್ಳವರದು ಎಂದು ಹೊರಗಿನಿಂದ ಹೇಳುವುದು ಕಷ್ಟ. ಸುತ್ತಲಿನ ಬೆಲೆ ಎಷ್ಟೇ ಏರಿದರೂ ಅಲ್ಲಿನ ಸಹಕಾರಿ ಮನೆಗಳು ಮಾರುಕಟ್ಟೆಗೆ ಬರುವುದಿಲ್ಲ.

ಈಜಿಪುರದ ನೆಲವೂ ಸಾರ್ವಜನಿಕ ನೆಲವೇ ಆಗಿತ್ತು. ಆರ್ಥಿಕವಾಗಿ ದುರ್ಬಲರಾದವರಿಗೆಂದು 1990ರ ದಶಕದ ಆರಂಭದಲ್ಲಿ ಅಲ್ಲಿ ಕಟ್ಟಿದ ವಸತಿಗೃಹಗಳು ಕೆಲವೇ ವರ್ಷಗಳಲ್ಲಿ ಶಿಥಿಲಗೊಂಡು, ಕೆಲವು ಕುಸಿದೂ ಬಿದ್ದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಹೊಸ ಮನೆಗಾಗಿ ವರ್ಷಗಟ್ಟಲೆ ಕಾದರು. ಜಾಗದ ಒಂದು ಭಾಗದಲ್ಲಿ ಮಾಲ್ ಕಟ್ಟುವ ಖಾಸಗಿ ಸಹಭಾಗಿತ್ವದ ಒಪ್ಪಂದವಾದ ಮೇಲೆ, 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಆ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಸುಮಾರು 1,500 ಕುಟುಂಬಗಳು ಬೀದಿಗೆ ಬಂದವು. ಅವರಲ್ಲಿ ಬಹಳ ಮಂದಿ ಹೆಂಗಸರು ಪಕ್ಕದ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಸಂಸಾರ ಸಾಗಿಸುತ್ತಿದ್ದವರು. ಅವರಿಗೆ ಬದಲಿಯಾಗಿ ತೋರಿಸಿದ ಜಾಗ ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆ. ಬೆಳಿಗ್ಗೆ ಆರಕ್ಕೆ ಒಂದು ಮನೆ, ಎಂಟಕ್ಕೆ ಇನ್ನೊಂದು ಮನೆ ಎಂದು ನಡೆದೇ ಹೋಗಿ ಕೆಲಸ ಮಾಡುವವರಿಗೆ ಅಷ್ಟು ದೂರದಲ್ಲಿ ಕೊಡುವ ಮನೆ ಕೆಲಸವನ್ನೇ ಕಿತ್ತುಕೊಳ್ಳುತ್ತದೆ. ಈಸ್ಟ್ ಹಾರ್ಲೆಮಿನ ಆ ಬಾಡಿಗೆದಾರಳ ಮಾತನ್ನು ಇವರ ಬಾಯಲ್ಲಿ ಕೇಳಲು ಕನ್ನಡವೋ ತಮಿಳೋ ಬಂದರೆ ಸಾಕಿತ್ತು, ಕೇಳುವವರು ಬೇಕಿತ್ತು.

ಆದ್ದರಿಂದ ಸಾರ್ವಜನಿಕ ನೆಲದ ಮೇಲೆ ವಸತಿ ಯೋಜನೆಗೆ ಟೆಂಡರ್ ಕರೆಯುವ ಯಾವುದೇ ಸಂದರ್ಭದಲ್ಲಿ ನಾವು ಒತ್ತಾಯಿಸಬೇಕಾದ ಸಂಗತಿಗಳು ನನಗೆ ಈಗ ಸ್ಪಷ್ಟವಾಗಿವೆ. ಕಟ್ಟಡದ ನಕ್ಷೆ ತಯಾರಾಗುವ ಮುನ್ನ ಅಲ್ಲಿ ಬಾಳುತ್ತಿರುವ ಕುಟುಂಬಗಳ ಪಟ್ಟಿ, ಬಾಡಿಗೆದಾರರೂ ಸೇರಿದಂತೆ, ವಾರ್ಡ್ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಪ್ರಕಟವಾಗಬೇಕು. ಕೆಲಸ ನಡೆಯುವ ಅವಧಿಯಲ್ಲಿ ಅವರು ನಡೆದು ಹೋಗುವಷ್ಟು ಹತ್ತಿರದಲ್ಲಿಯೇ ತಂಗುವ ವ್ಯವಸ್ಥೆ ಒಪ್ಪಂದದ ಷರತ್ತಾಗಬೇಕು. ಮನೆಗಳು ಮುಗಿದ ಮೇಲೆ ಮೊದಲ ಹಂಚಿಕೆ ಆ ಪಟ್ಟಿಯ ಪ್ರಕಾರವೇ ನಡೆಯಬೇಕು. ನೆಲದ ಒಡೆತನ ನಗರದ ಬಳಿಯೇ ಉಳಿಯಬೇಕು.